ಭಯದ ಗ್ರಂಥಗಳು: ಅಮೆರಿಕದ ಜನಾಂಗವಾದ ಮತ್ತು ಭವಿಷ್ಯತ್ತಿನ ಕಲ್ಪನೆ

ಸಮಾನತೆಯನ್ನು ಕುರಿತ ವಾದವಿವಾದಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶಾಸನಗಳನ್ನೂ ನ್ಯಾಯಾಲಯಗಳ ತೀರ್ಪುಗಳನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆ ಶಾಸನಗಳ ಹಿಂದೆ ಜನರು ಓದಿದ ಪುಸ್ತಕಗಳೂ ಇದ್ದುವೆಂಬುದನ್ನು ಮರೆಯುವುದುಂಟು. ಅಮೆರಿಕದಲ್ಲಿ 1916ರಿಂದ 1931ರವರೆಗೆ ಹೊರಬಂದ ಮೂರು ಗ್ರಂಥಗಳನ್ನು ಇಲ್ಲಿ ಒಟ್ಟಿಗಿರಿಸಿ ಪರಿಶೀಲಿಸಲು ಬಯಸುತ್ತೇವೆ. ಎರಡು ಶಾಸ್ತ್ರವೆಂದು ಹೆಸರಾದುವು, ಒಂದು ಕಾದಂಬರಿ. ಭವಿಷ್ಯತ್ತನ್ನು ಕಲ್ಪಿಸಿ ಹೇಳುವ ಕಾರ್ಯವನ್ನು ಮೂರೂ ಮಾಡಿದುವು. ತನ್ನದು ಕಲ್ಪನೆಯೆಂದು ಒಪ್ಪಿಕೊಂಡದ್ದು ಕಾದಂಬರಿಯೊಂದೇ.

1916ರಲ್ಲಿ ‘ದಿ ಪಾಸಿಂಗ್ ಆಫ್ ದಿ ಗ್ರೇಟ್ ರೇಸ್’ ಎಂಬ ಗ್ರಂಥವನ್ನು ಪ್ರಕಟಿಸಿದ ಮ್ಯಾಡಿಸನ್ ಗ್ರಾಂಟ್ ನ್ಯೂಯಾರ್ಕಿನ ವಕೀಲ. ಮಾನವಶಾಸ್ತ್ರದಲ್ಲಿ ಕ್ರಮವಾದ ವ್ಯಾಸಂಗ ಮಾಡಿದವನಲ್ಲ. ಯೂರೋಪಿನ ಜನರನ್ನು ನಾರ್ಡಿಕ್, ಆಲ್ಪೈನ್, ಮೆಡಿಟರೇನಿಯನ್ ಎಂದು ವಿಂಗಡಿಸಿ, ಮೊದಲನೆಯದೇ ಶ್ರೇಷ್ಠವೆಂದೂ ಬೆರಕೆಯಿಂದ ಅದು ಅಳಿಯುತ್ತಿದೆಯೆಂದೂ ಸಾರಿದನು. ಹಾರ್ವರ್ಡಿನಲ್ಲಿ ಚರಿತ್ರೆಯ ಡಾಕ್ಟರೇಟ್ ಪಡೆದಿದ್ದ ಲೋತ್ರಾಪ್ ಸ್ಟಾಡರ್ಡನು 1920ರಲ್ಲಿ ‘ದಿ ರೈಸಿಂಗ್ ಟೈಡ್ ಆಫ್ ಕಲರ್’ ಎಂಬುದನ್ನು ಬರೆದಾಗ ಅದಕ್ಕೆ ಮುನ್ನುಡಿಯಿತ್ತವನು ಗ್ರಾಂಟನೇ. ಬಿಳಿಯರ ಲೋಕವು ಇತರ ವರ್ಣದವರ ಪ್ರವಾಹದಲ್ಲಿ ಮುಳುಗೀತೆಂಬುದೇ ಅದರ ಸಾರ. ಅದರಲ್ಲಿರುವ ನಕ್ಷೆಗಳನ್ನು ತೆಗೆದಿಟ್ಟು ಓದಿದರೆ, ಭಯಾನಕ ಭವಿಷ್ಯವನ್ನು ಚಿತ್ರಿಸುವ ಕಾದಂಬರಿಗೂ ಇದಕ್ಕೂ ಹೆಚ್ಚಿನ ಭೇದ ಕಾಣದು.

ಈ ಭಯ ಪುಸ್ತಕದ ಕಪಾಟಿನಲ್ಲಿಯೇ ಉಳಿಯಲಿಲ್ಲ. 1924ರ ವಲಸೆ ಶಾಸನವು ಯೂರೋಪಿನ ಒಂದೊಂದು ದೇಶದಿಂದ ಬರತಕ್ಕವರಿಗೆ ಮಿತಿ ಹಾಕಿತು: ಆ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದವರ ಸಂಖ್ಯೆಯಲ್ಲಿ ಶೇಕಡ 2. ಆ ಸಂಖ್ಯೆಯನ್ನು ತೆಗೆದುಕೊಂಡದ್ದು ಮಾತ್ರ 1890ರ ಜನಗಣತಿಯಿಂದ. ಮುಂದಿನ ಮೂರು ಗಣತಿಗಳು ಕೈಯಲ್ಲಿದ್ದರೂ ಇಷ್ಟು ಹಳೆಯದನ್ನು ಆರಿಸಿದ್ದೇಕೆಂದರೆ, ಇಟಲಿಯವರೂ ಪೂರ್ವ ಯೂರೋಪಿನ ಯೆಹೂದ್ಯರೂ ಬಹುಸಂಖ್ಯೆಯಲ್ಲಿ ಬಂದದ್ದು 1890ರ ಅನಂತರವೇ.

ಇದಕ್ಕೆ ಹಿಂದಿನ ವರ್ಷ ನಡೆದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ನಮಗೆ ಇನ್ನೂ ಹತ್ತಿರದ್ದು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಜಪಾನಿನ ಓಜಾವಾ ‘ಕಕೇಶಿಯನ್’ ಅಲ್ಲವಾದ್ದರಿಂದ ಬಿಳಿಯನಲ್ಲ, ಪೌರತ್ವಕ್ಕೆ ಅರ್ಹನಲ್ಲ ಎಂದಿತ್ತು. ಪಂಜಾಬಿನಿಂದ ಹೋಗಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಥಿಂಡ್, ಶಾಸ್ತ್ರಜ್ಞರ ವಿಂಗಡಣೆಯಂತೆ ತಾವು ಕಕೇಶಿಯನ್ನರೇ ಎಂದು 1923ರಲ್ಲಿ ವಾದಿಸಿದರು. ಅದೇ ನ್ಯಾಯಾಲಯ ಈಗ ಶಾಸ್ತ್ರವನ್ನು ಬದಿಗಿರಿಸಿ, ಸಾಮಾನ್ಯ ಜನರ ತಿಳಿವಳಿಕೆಯೇ ಪ್ರಮಾಣವೆಂದಿತು. ಥಿಂಡರ ಪರವಾದ ವಾದವೂ ಸಮಾನತೆಯ ವಾದವಾಗಿರಲಿಲ್ಲವೆಂಬುದನ್ನು ಹೇಳದಿರಲಾಗದು. ಮೇಲುಜಾತಿಯ ಆರ್ಯರು ಕೆಳಗಿನವರೊಡನೆ ರಕ್ತ ಬೆರೆಸದವರೆಂಬ ಹೆಮ್ಮೆಯೇ ಅಲ್ಲಿ ಆಧಾರವಾಗಿ ಬಂದಿತ್ತು. ಏಣಿಯನ್ನು ಅಲುಗಿಸದೆ ಅದರ ಮೇಲಿನ ಮೆಟ್ಟಿಲೊಂದನ್ನು ಕೇಳಿದವರು ನಮ್ಮವರು.

1929ರಲ್ಲಿ ಷಿಕಾಗೋ ನಗರದಲ್ಲಿ ಸಾವಿರಾರು ಜನರ ಮುಂದೆ ಸ್ಟಾಡರ್ಡನು ಕಪ್ಪು ಜನರ ಸುಪ್ರಸಿದ್ಧ ವಿದ್ವಾಂಸ ಡು ಬೋಯಿಸನೊಡನೆ ವಾದಕ್ಕೆ ನಿಂತನು. ಪ್ರತ್ಯೇಕ ರೈಲುಡಬ್ಬಿಯಾದರೂ ಒಳ್ಳೆಯದೇ ಇರುವಂತೆ ನೋಡಿಕೊಳ್ಳುತ್ತಾರೆ ಎಂಬ ಅವನ ಭರವಸೆಗೆ ಸಭೆ ನಕ್ಕುಬಿಟ್ಟಿತು. ಆ ಡಬ್ಬಿಗಳಲ್ಲಿ ಪ್ರಯಾಣ ಮಾಡಿ ಬಲ್ಲವರು ಅಲ್ಲಿದ್ದರು.

ಆ ನಗೆಯೇ ಎರಡು ವರ್ಷಗಳ ಬಳಿಕ ಕಾದಂಬರಿಯಾಯಿತೆನ್ನಬಹುದು. ಕಪ್ಪು ಪತ್ರಿಕೋದ್ಯಮಿ ಜಾರ್ಜ್ ಸ್ಕೈಲರನ ‘ಬ್ಲ್ಯಾಕ್ ನೋ ಮೋರ್’ 1931ರಲ್ಲಿ ಪ್ರಕಟವಾಯಿತು. ಕಪ್ಪು ಚರ್ಮವನ್ನು ಮೂರು ದಿನಗಳಲ್ಲಿ ಬಿಳಿದಾಗಿಸುವ ಯಂತ್ರವನ್ನು ವೈದ್ಯನೊಬ್ಬನು ಕಂಡುಹಿಡಿಯುತ್ತಾನೆ, ಜನರು ಮುಗಿಬೀಳುತ್ತಾರೆ. ದ್ವೇಷದಿಂದ ಹಣ ಮಾಡುತ್ತಿದ್ದ ಬಿಳಿಯರ ಸಂಘಕ್ಕೂ, ಅದನ್ನು ವಿರೋಧಿಸಿ ಚಂದಾ ಎತ್ತುತ್ತಿದ್ದ ಕಪ್ಪು ಮುಖಂಡರಿಗೂ ಬುಡವೇ ಅಲುಗಾಡುತ್ತದೆ. ವಂಶಾವಳಿಗಳನ್ನು ಶೋಧಿಸಿದಾಗ ರಕ್ತಶುದ್ಧಿಯ ನಾಯಕರಲ್ಲಿಯೇ ಕಪ್ಪು ಪೂರ್ವಜರು ಕಾಣಿಸುತ್ತಾರೆ. ಕೊನೆಗೆ, ಹೊಸದಾಗಿ ಬಿಳಿಯರಾದವರು ಹುಟ್ಟು ಬಿಳಿಯರಿಗಿಂತ ಬೆಳ್ಳಗಿರುವರೆಂದು ಗೊತ್ತಾಗಲು, ಅತಿ ಬಿಳುಪೇ ಕಳಂಕವಾಗಿ ಜನರು ಮೈಯನ್ನು ಕಪ್ಪಾಗಿಸತೊಡಗುತ್ತಾರೆ. ಅಸಮಾನತೆಯು ಬಣ್ಣದಿಂದ ಹುಟ್ಟಿದ್ದಲ್ಲ, ಬಣ್ಣವನ್ನು ನೆಪಮಾಡಿಕೊಂಡದ್ದು ಎಂಬ ಮಾತನ್ನು ಮಾನವಶಾಸ್ತ್ರಜ್ಞ ಬೋವಾಸನ ಪ್ರಬಂಧಗಳಿಗಿಂತ ಈ ಹಾಸ್ಯ ಸುಲಭವಾಗಿ ಮನಗಾಣಿಸುತ್ತದೆಂದು ನಮ್ಮ ಅಭಿಪ್ರಾಯ.

ಹಾಗೆಂದು ಕಾದಂಬರಿಯೆಲ್ಲವೂ ಸಮಾನತೆಯ ಪಕ್ಷವೆಂದು ತಿಳಿಯಲಾಗದು. 1973ರಲ್ಲಿ ಫ್ರಾನ್ಸಿನ ಜಾನ್ ರಾಸ್ಪೈಲನು ಗಂಗಾತೀರದ ಲಕ್ಷಾಂತರ ಬಡವರು ಹಡಗುಗಳಲ್ಲಿ ಹೊರಟು ಫ್ರಾನ್ಸಿನ ದಡಕ್ಕೆ ಬರುವರೆಂದು ಕಥೆ ಕಟ್ಟಿದನು. ಸ್ಟಾಡರ್ಡನ ಪ್ರವಾಹ ಇಲ್ಲಿ ಕಥೆಯ ವೇಷ ತೊಟ್ಟಿದೆ. ಬರತಕ್ಕವರು ನಮ್ಮ ಜನ. ‘ದಿ ಕ್ಯಾಂಪ್ ಆಫ್ ದಿ ಸೇಂಟ್ಸ್’ ಎಂಬ ಹೆಸರಿನ ಅದರ ಇಂಗ್ಲಿಷ್ ಅನುವಾದವನ್ನು 1975ರಲ್ಲಿ ಪ್ರಕಟಿಸಿದ್ದು ನ್ಯೂಯಾರ್ಕಿನ ಸ್ಕ್ರಿಬ್ನರ್ ಸಂಸ್ಥೆ. ಗ್ರಾಂಟನ ಗ್ರಂಥವನ್ನೂ ಸ್ಟಾಡರ್ಡನ ಗ್ರಂಥವನ್ನೂ ಹೊರತಂದದ್ದು ಅದೇ ಸಂಸ್ಥೆ.