ಹೋಮರನಿಗೊಂದು ಬೆಂಚು: ಕಾಲೆಟ್‌ನ ಶಾಲೆಯ ಕಥೆ

1512ರ ಸುಮಾರಿಗೆ ಲಂಡನ್ನಿನ ಸಂತ ಪೌಲರ ಕಥೀಡ್ರಲ್‌ನ ಡೀನ್ ಆಗಿದ್ದ ಜಾನ್ ಕಾಲೆಟ್ ತನ್ನ ಗೆಳೆಯ ಎರಾಸ್ಮಸ್‌ಗೆ ಒಂದು ಪತ್ರ ಬರೆದ. ಅದರಲ್ಲಿ ಅರ್ಧ ನಗೆ, ಅರ್ಧ ಬೇಸರ. ತಾನು ಹೊಸದಾಗಿ ತೆರೆದ ಶಾಲೆಯನ್ನು ಒಬ್ಬ ಬಿಷಪ್ ತುಂಬಿದ ಸಭೆಯಲ್ಲಿ ಹಳಿದು, ಅದು ಕೆಲಸಕ್ಕೆ ಬಾರದ್ದು ಮಾತ್ರವಲ್ಲ, ವಿಗ್ರಹಾರಾಧನೆಯ ಮನೆ ಎಂದುಬಿಟ್ಟನಂತೆ. ಕಾರಣವೇನಿರಬಹುದು ಎಂದು ಕಾಲೆಟ್ ತಾನೇ ಊಹಿಸುತ್ತಾನೆ: ಅಲ್ಲಿ ಕವಿಗಳನ್ನು ಕಲಿಸುತ್ತಾರಲ್ಲ, ಅದಕ್ಕೇ ಇರಬೇಕು.

ಆ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಪೀಠದ ಮೇಲ್ಗಡೆ ಬಾಲಯೇಸುವಿನ ಪ್ರತಿಮೆಯಿತ್ತು. ಪಾಠ ಹೇಳುವ ಭಂಗಿಯಲ್ಲಿ ಕುಳಿತ ಮಗು. ಹುಡುಗರು ಬರುವಾಗಲೂ ಹೋಗುವಾಗಲೂ ಅದಕ್ಕೆ ವಂದಿಸಿ ಸ್ತುತಿ ಹಾಡಬೇಕಿತ್ತು. ಇಷ್ಟೆಲ್ಲ ಭಕ್ತಿಯಿದ್ದ ಜಾಗ ಒಬ್ಬ ಬಿಷಪ್ಪನ ಕಣ್ಣಿಗೆ ವಿಗ್ರಹಗಳ ಗುಡಿಯಾಗಿ ಕಂಡದ್ದು ಹೇಗೆ? ವರ್ಜಿಲ್, ಟೆರೆನ್ಸ್, ಹೋಮರ್ ಇವರೆಲ್ಲ ಅನ್ಯದೇವತೆಗಳ ಕವಿಗಳು. ಜ್ಯೂಪಿಟರನ ಪ್ರೇಮಪ್ರಸಂಗಗಳನ್ನೂ ವೀನಸ್ಸಿನ ಮುನಿಸನ್ನೂ ಓದಿಸಿ ಕ್ರೈಸ್ತ ಮಕ್ಕಳನ್ನು ಬೆಳೆಸುವುದೆಂದರೇನು? ಬಿಷಪ್ಪನ ಪ್ರಶ್ನೆ ಮೂಢತನದ್ದು ಎಂದು ತಳ್ಳಿಹಾಕುವುದು ಸುಲಭ. ಆದರೆ ಅದು ಆ ಹೊತ್ತಿಗಾಗಲೇ ಸಾವಿರ ವರ್ಷಕ್ಕೂ ಹಳೆಯ ಪ್ರಶ್ನೆ. ಇವತ್ತಿಗೂ ಅದು ಪೂರ್ತಿ ತೀರಿಲ್ಲ.

ಈ ಗಂಟು ಮೊದಲು ಬಿಗಿದದ್ದು ರೋಮನ್ ಸಾಮ್ರಾಜ್ಯದಲ್ಲಿ. ಆರಂಭದ ಕ್ರೈಸ್ತರಿಗೆ ತಮ್ಮದೇ ಶಾಲೆಗಳಿರಲಿಲ್ಲ. ಮಕ್ಕಳು ಅಕ್ಷರ ಕಲಿಯಬೇಕೆಂದರೆ ಊರಿನ ವ್ಯಾಕರಣಕಾರನ ಬಳಿಗೇ ಹೋಗಬೇಕು. ಅವನು ಕಲಿಸುವುದು ಹೋಮರನನ್ನೇ. ಹೀಗೆ ಮನೆಯಲ್ಲಿ ಒಂದು ಗ್ರಂಥ, ಶಾಲೆಯಲ್ಲಿ ಇನ್ನೊಂದು ಎನ್ನುವ ಏರ್ಪಾಡು ಹೇಗೋ ನಡೆದುಕೊಂಡು ಬಂದಿತ್ತು. 362ರಲ್ಲಿ ಚಕ್ರವರ್ತಿ ಜೂಲಿಯನ್ ಈ ಏರ್ಪಾಡಿನ ಮೇಲೆಯೇ ಕೈಯಿಟ್ಟ. ಕ್ರೈಸ್ತನಾಗಿ ಬೆಳೆದು ಹಳೆಯ ದೇವತೆಗಳತ್ತ ಮರಳಿದ್ದ ಈತನ ವಾದ ಸರಳವಾಗಿತ್ತು: ನಂಬದ್ದನ್ನು ಕಲಿಸುವವನು ಪ್ರಾಮಾಣಿಕನಲ್ಲ. ಹೋಮರನ ದೇವತೆಗಳನ್ನು ಸುಳ್ಳೆನ್ನುವವರು ಹೋಮರನನ್ನು ಬೋಧಿಸಬಾರದು, ತಮ್ಮ ಚರ್ಚುಗಳಿಗೆ ಹೋಗಿ ತಮ್ಮ ಸುವಾರ್ತೆಗಳನ್ನೇ ವಿವರಿಸಿಕೊಳ್ಳಲಿ. ಕ್ರೈಸ್ತ ಅಧ್ಯಾಪಕರು ಪೀಠ ಬಿಡಬೇಕಾಯಿತು. ಜೂಲಿಯನ್ನನ ಅಭಿಮಾನಿಯೂ ಕ್ರೈಸ್ತನಲ್ಲದವನೂ ಆಗಿದ್ದ ಇತಿಹಾಸಕಾರ ಅಮ್ಮಿಯಾನಸ್‌ಗೂ ಈ ಆಜ್ಞೆ ಹಿಡಿಸಲಿಲ್ಲ.

ಆಗ ಅಪೊಲಿನಾರಿಸ್ ಎಂಬ ಹೆಸರಿನ ತಂದೆ ಮತ್ತು ಮಗ ಒಂದು ಸಾಹಸಕ್ಕೆ ಇಳಿದರು. ಹೋಮರನನ್ನು ಕಿತ್ತುಕೊಂಡರೆ ನಾವೇ ಒಬ್ಬ ಹೋಮರನನ್ನು ಮಾಡಿಕೊಳ್ಳುತ್ತೇವೆ ಎಂದು ಮೋಶೆಯ ಕಥೆಯನ್ನು ಮಹಾಕಾವ್ಯದ ಛಂದಸ್ಸಿಗೂ ಸುವಾರ್ತೆಗಳನ್ನು ಪ್ಲೇಟೋನ ಸಂವಾದಗಳ ರೂಪಕ್ಕೂ ಇಳಿಸಿದರು. ಮರುವರ್ಷವೇ ಜೂಲಿಯನ್ ಯುದ್ಧದಲ್ಲಿ ಸತ್ತ, ಆಜ್ಞೆಯೂ ರದ್ದಾಯಿತು, ಕ್ರೈಸ್ತ ಮೇಷ್ಟರುಗಳು ತಮ್ಮ ಹಳೆಯ ಹೋಮರನಿಗೇ ಮರಳಿದರು. ತಂದೆ ಮಗ ಕಷ್ಟಪಟ್ಟು ಬರೆದದ್ದನ್ನು ಯಾರೂ ಓದಲಿಲ್ಲ. ಈ ಪ್ರಸಂಗದಲ್ಲಿ ನನಗೆ ಒಂದು ಪಾಠ ಕಾಣುತ್ತದೆ. ಶ್ರದ್ಧೆಗೆ ಅಪಾಯವಿಲ್ಲದಂತೆ ಅಳತೆ ಕೊಟ್ಟು ಹೊಲಿಸಿದ ಸಾಹಿತ್ಯ ಸಾಹಿತ್ಯವಾಗುವುದಿಲ್ಲ, ಶ್ರದ್ಧೆಗೂ ಒದಗುವುದಿಲ್ಲ.

ಅದೇ ತಲೆಮಾರಿನವನು ಬೆಸಿಲ್. ಅಥೆನ್ಸಿನಲ್ಲಿ ಓದಿ ಬಂದು ಮುಂದೆ ಬಿಷಪ್ ಆದವನು. ಅವನು ತರುಣರಿಗೆಂದು ಬರೆದ ಪ್ರಬಂಧದಲ್ಲಿ ಜೇನುನೊಣದ ಹೋಲಿಕೆ ಕೊಡುತ್ತಾನೆ: ಎಲ್ಲ ಹೂವಿಗೂ ಎರಗುವುದಿಲ್ಲ, ಎರಗಿದ ಹೂವನ್ನು ಇಡಿಯಾಗಿ ಹೊತ್ತೂ ತರುವುದಿಲ್ಲ; ಬೇಕಾದಷ್ಟು ಹೀರಿ ಉಳಿದದ್ದನ್ನು ಅಲ್ಲೇ ಬಿಡುತ್ತದೆ. ಆಗಸ್ಟೀನನ ಹೋಲಿಕೆ ಇನ್ನೂ ಗಟ್ಟಿ: ಈಜಿಪ್ಟಿನಿಂದ ಹೊರಟ ಇಸ್ರೇಲರು ಅಲ್ಲಿಯ ಚಿನ್ನವನ್ನು ತಮ್ಮೊಡನೆ ಕೊಂಡೊಯ್ದಂತೆ ಅನ್ಯರ ವಿದ್ಯೆಯಲ್ಲಿರುವ ಸತ್ಯವನ್ನು ತೆಗೆದುಕೊಳ್ಳಬಹುದು. ಆದರೆ ಎಲ್ಲರಿಗೂ ಇಷ್ಟು ನಿರಾಳ ಸಾಧ್ಯವಾಗಲಿಲ್ಲ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್‌ಗೆ ಬಿದ್ದ ಕನಸಿನಲ್ಲಿ ದೇವರ ನ್ಯಾಯಪೀಠವೇ ಎದುರಾಗಿ, ನೀನು ಕ್ರಿಸ್ತನವನಲ್ಲ, ಸಿಸೆರೋನವನು ಎಂದು ಗದರಿಸಿತು. ಓದನ್ನು ನಿಜವಾಗಿ ಪ್ರೀತಿಸಿದವನಿಗೆ ಮಾತ್ರ ಬೀಳಬಹುದಾದ ಕನಸು ಅದು.

ಈ ಹಿನ್ನೆಲೆ ಇಟ್ಟುಕೊಂಡು ಮತ್ತೆ ಲಂಡನ್ನಿಗೆ ಬರೋಣ. ಕಾಲೆಟ್‌ನ ತಂದೆ ಬಟ್ಟೆ ವ್ಯಾಪಾರಿ, ಎರಡು ಬಾರಿ ಲಂಡನ್ನಿನ ಮೇಯರ್. ಎರಾಸ್ಮಸ್ ಹೇಳುವಂತೆ ತಾಯಿ ಹೆತ್ತದ್ದು ಇಪ್ಪತ್ತೆರಡು ಮಕ್ಕಳನ್ನು; ಉಳಿದವನು ಜಾನ್ ಒಬ್ಬನೇ. ತಂದೆ ತೀರಿಕೊಂಡಾಗ ಬಂದ ದೊಡ್ಡ ಆಸ್ತಿಯನ್ನು ಈ ಬ್ರಹ್ಮಚಾರಿ ಪಾದ್ರಿ 1509ರ ಹೊತ್ತಿಗೆ ಶಾಲೆಗೆ ಸುರಿಯತೊಡಗಿದ. ಇಪ್ಪತ್ತೊಂದು ಒಡಹುಟ್ಟಿದವರನ್ನು ಕಳೆದುಕೊಂಡವನು ಊರಿನ ಮಕ್ಕಳಿಗಾಗಿ ಮನೆ ಕಟ್ಟಿದ ಎಂದು ಓದುವಾಗ, ಇತಿಹಾಸದಲ್ಲಿ ಇಲ್ಲದ ಕಾರಣವನ್ನು ಮನಸ್ಸು ತಾನಾಗಿಯೇ ಸೇರಿಸಿಕೊಳ್ಳುತ್ತದೆ.

ಮಕ್ಕಳ ಸಂಖ್ಯೆ 153 ಎಂದು ನಿಗದಿಯಾಯಿತು. ಪುನರುತ್ಥಾನದ ಬಳಿಕ ಶಿಷ್ಯರ ಬಲೆಗೆ ಬಿದ್ದ ಮೀನುಗಳ ಲೆಕ್ಕ ಯೋಹಾನನ ಸುವಾರ್ತೆಯಲ್ಲಿ ಅಷ್ಟೇ ಇದೆ. ಯಾವ ದೇಶದವರಾದರೂ ಸರಿ. ಓದಲು ಬರೆಯಲು ಬರಬೇಕು, ಧರ್ಮಪ್ರಶ್ನೋತ್ತರ ಬಾಯಿಗೆ ಬರಬೇಕು. ಬೋಧನೆಗೆ ಶುಲ್ಕವಿಲ್ಲ. ಸೇರುವಾಗ ಒಮ್ಮೆ ನಾಲ್ಕು ಪೆನ್ನಿ ಕೊಟ್ಟರಾಯಿತು. ಅದೂ ಶಾಲೆ ಗುಡಿಸುವ ಬಡ ವಿದ್ಯಾರ್ಥಿಗೆ ಹೋಗುತ್ತಿತ್ತು. ಬೆಳಿಗ್ಗೆ ಏಳರಿಂದ ಹನ್ನೊಂದು, ಮಧ್ಯಾಹ್ನ ಒಂದರಿಂದ ಐದು ಪಾಠ. ಚಳಿಗಾಲದ ಮಬ್ಬಿಗೆ ಮಕ್ಕಳೇ ಮೇಣದ ಬತ್ತಿ ತರಬೇಕು, ಅಗ್ಗದ ಕೊಬ್ಬಿನ ಬತ್ತಿ ಕೂಡದು. ಕೋಳಿ ಅಂಕಕ್ಕೆ ನಿಷೇಧ. ಇಡೀ ಶಾಲೆ ಒಂದೇ ಉದ್ದ ಹಜಾರ. ತರಗತಿಗಳ ನಡುವೆ ಗೋಡೆಯಿಲ್ಲ, ಪರದೆ ಮಾತ್ರ. ತರಗತಿಗೆ ಹದಿನಾರು ಹುಡುಗರು, ಮೊದಲಿಗನಾದವನಿಗೆ ಸ್ವಲ್ಪ ಎತ್ತರದ ಆಸನ.

ಅತ್ಯಂತ ದಿಟ್ಟ ನಿರ್ಧಾರ ಆಡಳಿತದ್ದು. ಡೀನ್ ಆಗಿದ್ದವನು ತನ್ನ ಶಾಲೆಯನ್ನು ಚರ್ಚಿನ ಕೈಗೆ ಕೊಡಲಿಲ್ಲ, ಬಟ್ಟೆ ವ್ಯಾಪಾರಿಗಳ ಸಂಘಕ್ಕೆ ಒಪ್ಪಿಸಿದ. ಮನುಷ್ಯರ ವ್ಯವಹಾರದಲ್ಲಿ ಯಾವುದೂ ಖಚಿತವಲ್ಲ, ಆದರೂ ಸಂಸಾರಸ್ಥ ನಾಗರಿಕರಲ್ಲಿ ತನಗೆ ಕಂಡ ಭ್ರಷ್ಟತೆ ಉಳಿದವರಿಗಿಂತ ಕಡಿಮೆ ಎನ್ನುವುದು ಅವನ ಸಮರ್ಥನೆಯಾಗಿತ್ತೆಂದು ಎರಾಸ್ಮಸ್ ದಾಖಲಿಸಿದ್ದಾನೆ. ಶ್ರದ್ಧೆಯ ಶಾಲೆಯೊಂದು ಪುರೋಹಿತರ ಹಿಡಿತದಿಂದ ಹೊರಗುಳಿದದ್ದು ಹೀಗೆ, ಅದೂ ಒಬ್ಬ ಪುರೋಹಿತನಿಂದಲೇ.

ಏನು ಕಲಿಸಬೇಕು? ಇಲ್ಲಿ ಕಾಲೆಟ್ ತಾನೇ ಇಬ್ಭಾಗವಾಗಿದ್ದ. 1518ರ ನಿಯಮಾವಳಿಯಲ್ಲಿ ಅವನು ಹೆಸರಿಸಿ ಸೂಚಿಸುವುದು ಹೆಚ್ಚಾಗಿ ಕ್ರೈಸ್ತ ಲೇಖಕರನ್ನೇ: ಲ್ಯಾಕ್ಟಾಂಟಿಯಸ್, ಪ್ರುಡೆಂಟಿಯಸ್, ಸೆಡುಲಿಯಸ್, ಯುವೆನ್ಕಸ್. ಮಧ್ಯಯುಗದ ಕೆಟ್ಟ ಲ್ಯಾಟಿನ್ ಕಂಡರೆ ಅವನಿಗೆ ಉರಿ. ಸಾಹಿತ್ಯ ಎಂಬ ಪದಕ್ಕೆ ಮಸಿಯ ಕಲೆ ಎಂಬರ್ಥದ ಪದವನ್ನು ಬೆಸೆದು ಹೊಸ ಬೈಗುಳವನ್ನೇ ಟಂಕಿಸಿದ. ಆದರೆ ಲ್ಯಾಟಿನ್ ಶುದ್ಧವಾಗಬೇಕೆಂದರೆ ಅದರ ಬುಗ್ಗೆಗೇ ಹೋಗಬೇಕಲ್ಲವೆ? ಅಲ್ಲಿ ಕೂತಿರುವವರು ಸಿಸೆರೋ, ವರ್ಜಿಲ್, ಟೆರೆನ್ಸ್. ಮೊದಲ ಮುಖ್ಯೋಪಾಧ್ಯಾಯನಾಗಿ ಅವನು ಆರಿಸಿದ ವಿಲಿಯಂ ಲಿಲಿ ಗ್ರೀಕ್ ಬಲ್ಲ ವಿದ್ವಾಂಸ. ಪಠ್ಯ ಬರೆದುಕೊಟ್ಟ ಎರಾಸ್ಮಸ್, ಅನ್ಯಧರ್ಮೀಯ ಶ್ರೇಷ್ಠರನ್ನು ಬಿಟ್ಟರೆ ಭಾಷೆಯೇ ಇಲ್ಲ ಎನ್ನುವವನು. ನಿಯಮದ ಪುಸ್ತಕ ಒಂದು ಹೇಳಿತು, ತರಗತಿಯ ಬೆಂಚು ಇನ್ನೊಂದಕ್ಕೆ ಜಾಗ ಮಾಡಿಕೊಟ್ಟಿತು.

ಎರಾಸ್ಮಸ್ ಈ ಶಾಲೆಗೆಂದೇ 1512ರಲ್ಲಿ ಪ್ರಕಟಿಸಿದ 'ದೆ ಕೋಪಿಯಾ'ದಲ್ಲಿ ಒಂದು ಪ್ರಸಿದ್ಧ ಅಭ್ಯಾಸವಿದೆ. ಗೆಳೆಯನ ಕಾಗದ ಬಂದು ಖುಷಿಯಾಯಿತು ಎನ್ನುವಂಥ ಒಂದು ಸಾಮಾನ್ಯ ಮಾತನ್ನು ಅವನು ನೂರಕ್ಕೂ ಹೆಚ್ಚು ರೀತಿಯಲ್ಲಿ ಹೇಳಿ ತೋರಿಸುತ್ತಾನೆ. ಇದು ಬರಿಯ ಪದಗಳ ಕಸರತ್ತಲ್ಲ. ಒಂದೇ ಮಾತನ್ನು ನೂರು ಬಗೆಯಲ್ಲಿ ಹೇಳಬಲ್ಲ ಹುಡುಗನಿಗೆ, ತನಗೆ ಕೇಳಿಸಿದ ಮಾತೂ ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ ಎಂಬುದು ಹೊಳೆಯುತ್ತದೆ. ವ್ಯಾಕರಣ, ತರ್ಕ, ಅಲಂಕಾರ ಎಂಬ ಮೂರು ವಿದ್ಯೆಗಳನ್ನು ಮಧ್ಯಯುಗ 'ಟ್ರಿವಿಯಂ', ಅಂದರೆ ಮೂರು ದಾರಿ ಕೂಡುವ ಜಾಗ, ಎಂದು ಕರೆದಿತ್ತು. ಪಠ್ಯವನ್ನು ಬಿಡಿಸುವುದು, ತೂಗುವುದು, ತನ್ನ ಮಾತಿನಲ್ಲಿ ಕಟ್ಟುವುದು. ಬಿಷಪ್ಪನಿಗೆ ಭಯವಾದದ್ದು ವೀನಸ್ಸಿಗಿಂತ ಹೆಚ್ಚಾಗಿ ಈ ಅಭ್ಯಾಸದಿಂದಲೇ ಇರಬೇಕು ಎಂದು ನನ್ನ ಗುಮಾನಿ.

ಶಾಲೆಯ ಫಲ ನೂರು ವರ್ಷದ ನಂತರ ಕಾಣಿಸಿತು. 1620ರ ದಶಕದ ಆರಂಭದಲ್ಲಿ ಇದೇ ಹಜಾರದಲ್ಲಿ ಓದುತ್ತಿದ್ದವನು ಜಾನ್ ಮಿಲ್ಟನ್. ಆದಾಮ ಹವ್ವೆಯರ ಕಥೆಯನ್ನು ವರ್ಜಿಲ್ ಹೋಮರರ ಎರಕದಲ್ಲಿ ಹೊಯ್ದು 1667ರಲ್ಲಿ ಅವನು ಹೊರತಂದ 'ಪ್ಯಾರಡೈಸ್ ಲಾಸ್ಟ್' ಇಂದಿಗೂ ಉಳಿದಿದೆ. ಅಪೊಲಿನಾರಿಸರಿಗೆ ಕೈಗೂಡದ್ದು ಇವನಿಗೆ ಹೇಗೆ ಕೈಗೂಡಿತು? ಅವರು ಹೋಮರನ ಜಾಗ ತುಂಬಲು ಬರೆದರು. ಮಿಲ್ಟನ್ ಹೋಮರನನ್ನು ಕೂರಿಸಿಕೊಂಡೇ, ಅವನೊಡನೆ ಜಗಳವಾಡುತ್ತ ಬರೆದ.

ಶಾಲೆಯ ಮಿತಿಗಳನ್ನೂ ಹೇಳಬೇಕು. ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕಾಲೆಟ್‌ನ ದತ್ತಿಯಿಂದ ಹುಡುಗಿಯರ ಶಾಲೆ ತೆರೆದದ್ದು 1904ರಲ್ಲಿ. ಮಕ್ಕಳ ಮನೆಮಾತಾದ ಇಂಗ್ಲಿಷ್‌ಗೂ ಪಠ್ಯದಲ್ಲಿ ಮಾನವಿರಲಿಲ್ಲ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷ್ ಯಾವ ಭಾಷೆಗೂ ಕಡಿಮೆಯಲ್ಲ, ಅದರಲ್ಲೇ ಕಲಿಯೋಣ, ಬರೆಯೋಣ ಎಂದು 1582ರಲ್ಲಿ ಪುಸ್ತಕ ಬರೆದು ವಾದಿಸಿದ ರಿಚರ್ಡ್ ಮಲ್ಕಾಸ್ಟರ್ ಮುಂದೆ ಇದೇ ಶಾಲೆಗೆ ಮುಖ್ಯೋಪಾಧ್ಯಾಯನಾಗಿ ಬಂದ. ಕನ್ನಡದ ಶಿಕ್ಷಣ ಮಾಧ್ಯಮದ ಬಗ್ಗೆ ತಲೆ ಕೆಡಿಸಿಕೊಂಡವರು ಅವನ ಹೆಸರು ನೆನಪಿಡಬೇಕು. ಇಂಗ್ಲಿಷ್ ಕೂಡ ಒಂದು ಕಾಲಕ್ಕೆ ತನ್ನ ನೆಲದಲ್ಲೇ ತನ್ನ ಪರವಾಗಿ ವಕೀಲರನ್ನು ಹುಡುಕಬೇಕಾಗಿತ್ತು.

ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳಲ್ಲಿ ವಿಜ್ಞಾನ, ಉದ್ಯೋಗ, ಸಾರ್ವತ್ರಿಕ ಶಿಕ್ಷಣ ಬಂದಂತೆ ಲ್ಯಾಟಿನ್ ಹಿಂದೆ ಸರಿಯಿತು. 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಡಾರೊತಿ ಸೇಯರ್ಸ್ ಒಂದು ಉಪನ್ಯಾಸ ಕೊಟ್ಟರು. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು, ಡಾಂಟೆಯ ಅನುವಾದಕಿ, ಆಕ್ಸ್‌ಫರ್ಡಿನಿಂದ ಪದವಿ ಪಡೆದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ನಾವು ವಿಷಯಗಳನ್ನು ಕಲಿಸುತ್ತೇವೆ, ಕಲಿಯುವುದನ್ನು ಕಲಿಸುವುದಿಲ್ಲ ಎಂಬುದು ಅವರ ದೂರು. ಮೂರು ವಿದ್ಯೆಗಳನ್ನು ಅವರು ಮಗುವಿನ ಮೂರು ವಯಸ್ಸಿಗೆ ಹೊಂದಿಸಿದರು: ಬಾಯಿಪಾಠದ ಗಿಳಿಯ ವಯಸ್ಸಿಗೆ ವ್ಯಾಕರಣ, ಎದುರುವಾದಿಸುವ ವಯಸ್ಸಿಗೆ ತರ್ಕ, ತನ್ನನ್ನೇ ಹುಡುಕುವ ಹರೆಯಕ್ಕೆ ಅಲಂಕಾರ. ಮಧ್ಯಯುಗದಲ್ಲಿ ಯಾರೂ ಹೀಗೆ ಹಂಚಿರಲಿಲ್ಲ. ಇದು ಸೇಯರ್ಸರದೇ ಕಲ್ಪನೆ. ಇದನ್ನು ಯಾರಾದರೂ ಜಾರಿಗೆ ತಂದಾರೆಂದು ಅವರಿಗೇ ನಂಬಿಕೆಯಿರಲಿಲ್ಲ. ಆದರೆ 1981ರಲ್ಲಿ ಅಮೆರಿಕದ ಐಡಹೋ ರಾಜ್ಯದ ಮಾಸ್ಕೋ ಎಂಬ ಊರಿನಲ್ಲಿ ಲೋಗೋಸ್ ಶಾಲೆ ಈ ಉಪನ್ಯಾಸವನ್ನೇ ನಕ್ಷೆಯಾಗಿಟ್ಟುಕೊಂಡು ಶುರುವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಡಗ್ಲಸ್ ವಿಲ್ಸನ್ 1991ರಲ್ಲಿ ಬರೆದ ಪುಸ್ತಕದ ನಂತರ ಇಂಥ ಖಾಸಗಿ ಕ್ರೈಸ್ತ ಶಾಲೆಗಳು ಅಮೆರಿಕದ ಉದ್ದಗಲಕ್ಕೂ ಹಬ್ಬಿದವು. ಅಲ್ಲಿಯ ಮಕ್ಕಳು ಬೈಬಲ್ಲಿನ ಜೊತೆ ಲ್ಯಾಟಿನ್ ವಿಭಕ್ತಿಗಳನ್ನು ಹಾಡಿಕೊಂಡು ಕಲಿಯುತ್ತಾರೆ, ಹೋಮರ್ ವರ್ಜಿಲರನ್ನು ಓದುತ್ತಾರೆ. ಆದರೆ ಇಲ್ಲಿ ದಿಕ್ಕು ತಿರುಗಿದೆ. ಕಾಲೆಟ್‌ನ ಕಾಲದಲ್ಲಿ ಪ್ರಾಚೀನ ಕವಿಗಳು ಸಂಪ್ರದಾಯದ ಕಣ್ಣಿಗೆ ಅಪಾಯದ ಅತಿಥಿಗಳು. ಈಗ ಅವರೇ ಆಧುನಿಕತೆಯ ವಿರುದ್ಧ ಸಂಪ್ರದಾಯದ ಕಾವಲುಗಾರರು. ಕಾವಲಿಗೆ ನಿಲ್ಲಿಸಿದ ಕವಿ ಹಳೆಯ ತುಂಟತನ ಉಳಿಸಿಕೊಂಡಾನೆಯೆ ಎಂಬುದು ಆ ಶಾಲೆಗಳ ಮುಂದಿರುವ ಪರೀಕ್ಷೆ.

ಈ ಕಥೆಯ ಒಂದು ಎಳೆ ನಮ್ಮ ಮಂಗಳೂರಿಗೂ ಬಂದಿದೆ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್, 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಇಬ್ಬರೂ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿಸುವ ಜರ್ಮನ್ ಶಿಕ್ಷಣದಲ್ಲಿ ಬೆಳೆದವರು, ಬಾಸೆಲ್ ಮಿಷನ್ನಿನವರು. ಬಂದದ್ದು ಧರ್ಮ ಸಾರಲು, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಒಂದು ಭಾಷೆಯನ್ನು ಅದರ ಕವಿಗಳಿಂದಲೇ ಕಲಿಯಬೇಕು ಎಂಬ ಹಳೆಯ ಶಾಲೆಯ ಅಭ್ಯಾಸ ಅವರ ಮೈಗೆ ಹತ್ತಿತ್ತು. ಮೋಗ್ಲಿಂಗ್ 1848ರಿಂದ 'ಜೈಮಿನಿ ಭಾರತ', 'ಬಸವಪುರಾಣ', ದಾಸರ ಪದಗಳನ್ನು ಅಚ್ಚಿಗೆ ತಂದ. ಕಿಟ್ಟೆಲ್ 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದ, 1894ರಲ್ಲಿ ನಿಘಂಟು ಹೊರತಂದ. ಪರಧರ್ಮದ ಪುಸ್ತಕವನ್ನು ಮುತುವರ್ಜಿಯಿಂದ ಓದುವ ಕೆಲಸ ಅವರನ್ನು ತಾವು ಅಂದುಕೊಂಡದ್ದಕ್ಕಿಂತ ದೂರ ಕೊಂಡೊಯ್ಯಿತು. ನಮಗೆ ಇದು ಹೊಸದೂ ಅಲ್ಲ. ಆದಿತೀರ್ಥಂಕರನ ಕಥೆ ಬರೆದ ಜೈನ ಪಂಪನೇ ಮಹಾಭಾರತವನ್ನೂ ಕನ್ನಡಕ್ಕೆ ಕೊಟ್ಟವನು.

ಕಾಲೆಟ್ 1519ರಲ್ಲಿ ತೀರಿಕೊಂಡ. ಅವನ ಕಟ್ಟಡ 1666ರ ಮಹಾ ಬೆಂಕಿಯಲ್ಲಿ ಸುಟ್ಟುಹೋಯಿತು. ಶಾಲೆ ಮಾತ್ರ ಜಾಗ ಬದಲಿಸುತ್ತ ಇಂದಿಗೂ ನಡೆಯುತ್ತಿದೆ. ಅವನ ನಿಯಮಾವಳಿಯ ಕೊನೆಯಲ್ಲಿ ಒಂದು ಮಾತಿದೆ: ಮುಂದೆ ಏನೇನಾಗುವುದೋ ತಾನು ಕಾಣೆ, ಆದ್ದರಿಂದ ಅಗತ್ಯ ಬಿದ್ದಾಗ ಈ ನಿಯಮಗಳಿಗೆ ಸೇರಿಸುವ, ಕಳೆಯುವ ಅಧಿಕಾರ ಮುಂದಿನವರದು ಎಂಬರ್ಥದ್ದು. ದೃಢವಾಗಿ ನಂಬಿದವನೊಬ್ಬ ತನ್ನ ನಂತರದವರ ಮೇಲೂ ಇಟ್ಟ ನಂಬಿಕೆ ಅದು. ಆ ಬಿಷಪ್ ಕೇಳಿದ ಪ್ರಶ್ನೆಗೆ ಕಾಲೆಟ್ ಕೊಟ್ಟುಹೋದ ಉತ್ತರವೂ ಅದೇ ಇರಬೇಕು.