ಅಡುಗೆಮನೆ ಕಪಾಟುಗಳ ಸ್ಪ್ರೇ ಬಣ್ಣ

ಕಪಾಟಿನ ಬಾಗಿಲು, ಖಾನೆ, ಚೌಕಟ್ಟುಗಳಿಗೆ ಬಣ್ಣವನ್ನು ಕುಂಚದಿಂದ ಬಳಿಯುವ ಬದಲು, ಒತ್ತಡದ ಗಾಳಿಯಿಂದ ಮಂಜಿನಂಥ ಹನಿಗಳಾಗಿ ಒಡೆದು, ಪದರದ ಮೇಲೆ ಪದರವಾಗಿ ಕೂರಿಸುವ ವಿಧಾನಕ್ಕೆ ಸ್ಪ್ರೇ ಬಣ್ಣವೆಂದು ಹೆಸರು. ಬಡಗಿಗಳ ಮತ್ತು ಪೇಂಟರುಗಳ ಮಾತಿನಲ್ಲಿ ಇದು ‘ಡ್ಯೂಕೋ’ ಅಥವಾ ‘ಪಿಯು’ ಕೆಲಸ. ಮರಕ್ಕೆ ಮೆರುಗು ಕೊಡುವ ಕಲೆ ಕರ್ನಾಟಕದಲ್ಲಿ ಬಹಳ ಹಳೆಯದು. ಆ ಮೆರುಗು ಅಡುಗೆಮನೆಯೊಳಗೆ ಕಾಲಿಟ್ಟದ್ದು ಮಾತ್ರ ಇತ್ತೀಚೆಗೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳೆಯ ಮನೆಗಳಲ್ಲಿ ಎಣ್ಣೆ, ಬಣ್ಣಗಳ ಆರೈಕೆ ಸಲ್ಲುತ್ತಿದ್ದುದು ಹೆಬ್ಬಾಗಿಲು, ಕಂಬ, ತೊಟ್ಟಿಲು, ದೇವರ ಮಂಟಪಗಳಿಗೆ. ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಗೋಡೆಯ ಗೂಡು, ಹಲಗೆಯ ಇಲ್ಲವೆ ಕಲ್ಲಿನ ನಾಗಂದಿಗೆ, ಹಾಲುಮೊಸರಿಗೆ ತೂಗುಹಾಕಿದ ನೆಲವು ಸಾಕಾಗಿದ್ದವು. ಸೌದೆ ಒಲೆಯ ಹೊಗೆ ಸೂರಿನ ತೊಲೆಗಳನ್ನೇ ಕಪ್ಪಾಗಿಸುತ್ತಿದ್ದಾಗ ಅಲ್ಲಿ ಮರಕ್ಕೆ ಮೆರುಗು ಕೊಡುವುದರಲ್ಲಿ ಅರ್ಥವೂ ಇರಲಿಲ್ಲ. ಕಪಾಟಿಗೆ ತಿಳಿಬಣ್ಣ ಬಳಿಯುವ ಆಸೆಯನ್ನು ಸಾಧ್ಯವಾಗಿಸಿದ್ದು ಬಣ್ಣದ ಕಂಪನಿಗಳಿಗಿಂತ ಹೆಚ್ಚಾಗಿ ಗ್ಯಾಸ್ ಒಲೆ ಎನ್ನಬೇಕು.

ಮೆರುಗಿನ ಹಳೆಯ ಮೂಲ ಅರಗು. ಮರದ ಕೊಂಬೆಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಸ್ರವಿಸುವ ಈ ರಾಳವನ್ನು ಚನ್ನಪಟ್ಟಣದ ಕುಶಲಕರ್ಮಿಗಳು ಬಣ್ಣ ಬೆರೆಸಿ ಕಡ್ಡಿ ಮಾಡಿಕೊಂಡು, ತಿರುಗುವ ಹಾಲೆಮರದ ಆಟಿಕೆಗೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಇದೇ ಅರಗನ್ನು ಶುದ್ಧಗೊಳಿಸಿ ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿದ ಉಂಡೆಯಿಂದ ನೂರಾರು ಸಲ ತೀಡುವುದು ಫ್ರೆಂಚ್ ಪಾಲಿಶ್. ಮೈಸೂರು ಸಂಸ್ಥಾನದ ಕಾಡುಗಳ ಅರಗನ್ನು ನೆಚ್ಚಿಕೊಂಡು, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಈ ಸಂಸ್ಥೆಯನ್ನು ನಾಡು ಬಲ್ಲದ್ದು 1962ರಿಂದ ಅದು ತಯಾರಿಸುತ್ತಿರುವ ಮತದಾನದ ಶಾಯಿಯ ಮೂಲಕ. ಆದರೆ ಅರಗಿನ ಪಾಲಿಶ್ ಅಡುಗೆಮನೆಗೆ ಒಗ್ಗುವಂಥದ್ದಲ್ಲ. ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಸೋಡಾ ಬೆರೆತ ನೀರಿಗೆ ಕರಗತೊಡಗುತ್ತದೆ.

ಸ್ಪ್ರೇ ಗನ್ನಿನ ಹುಟ್ಟು ವೈದ್ಯರೊಬ್ಬರ ಕೊಠಡಿಯಲ್ಲಿ. ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರದ ಡಾ. ಅಲೆನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸುವ ಸಾಧನವೊಂದನ್ನು ರೂಪಿಸಿ 1888ರಲ್ಲಿ ಉದ್ಯಮ ಆರಂಭಿಸಿದರು. ಮಗ ಥಾಮಸ್ ಅದೇ ತತ್ತ್ವವನ್ನು ಬಣ್ಣಕ್ಕೆ ಅಳವಡಿಸಿ 1907ರಲ್ಲಿ ಕೈಯಲ್ಲಿ ಹಿಡಿಯುವ ಗನ್ ತಯಾರಿಸಿದರು. ಅದಕ್ಕೆ ತಕ್ಕ ಬಣ್ಣ ಸಿಕ್ಕಿದ್ದು 1923ರಲ್ಲಿ, ಡ್ಯುಪಾಂಟ್ ಕಂಪನಿ ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದ ‘ಡ್ಯೂಕೋ’ ಬಣ್ಣವನ್ನು ಹೊರತಂದಾಗ. ಕಾರಿನ ಬಣ್ಣ ಒಣಗಲು ಬೇಕಿದ್ದ ವಾರಗಳು ಇದರಿಂದ ಗಂಟೆಗಳಿಗೆ ಇಳಿದವು. ಒಂದು ಕಂಪನಿಯ ಆ ಹೆಸರು ಭಾರತದಲ್ಲಿ ಎಲ್ಲ ಬಗೆಯ ಸ್ಪ್ರೇ ಬಣ್ಣಕ್ಕೂ ಸಾಮಾನ್ಯ ನಾಮವಾಗಿ ಉಳಿದಿದೆ. ಬಾಳಿಕೆಯ ಪ್ರಶ್ನೆಗೆ ಉತ್ತರ ದೊರೆತದ್ದು ಜರ್ಮನಿಯಲ್ಲಿ. 1937ರಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ಪಾಲಿಯುರೆಥೇನ್, ಅಂದರೆ ‘ಪಿಯು’, ಬಣ್ಣ ಮತ್ತು ಗಟ್ಟಿಕಾರಕವನ್ನು ಬೆರೆಸಿದಾಗ ರಾಸಾಯನಿಕವಾಗಿ ಬೆಸೆದುಕೊಳ್ಳುವುದರಿಂದ, ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಎಣ್ಣೆ ಜಿಡ್ಡಿಗೂ ಸಾಬೂನಿಗೂ ಸುಲಭವಾಗಿ ಬಗ್ಗುವುದಿಲ್ಲ.

ನುಣುಪನ್ನು ಗನ್ ಕೊಡುತ್ತದೆಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಗನ್ ಕೊಡುವುದು ಸಮನಾದ ಪದರವನ್ನಷ್ಟೆ. ನುಣುಪು ಹುಟ್ಟುವುದು ಉಪ್ಪು ಕಾಗದದಿಂದ, ಅಂದರೆ ಮರಳು ಕಾಗದದ ಉಜ್ಜಾಟದಿಂದ. ಹಳೆಯ ಕಪಾಟಾದರೆ ಮೊದಲು ಒಗ್ಗರಣೆಯ ಜಿಡ್ಡನ್ನು ತೊಳೆದು ತೆಗೆಯಬೇಕು, ಏಕೆಂದರೆ ಜಿಡ್ಡಿನ ಮೇಲೆ ಕುಳಿತ ಬಣ್ಣ ತಿಂಗಳೊಪ್ಪತ್ತಿನಲ್ಲಿ ಸಿಪ್ಪೆಯಾಗಿ ಏಳುತ್ತದೆ. ಆಮೇಲೆ ಬಾಗಿಲುಗಳನ್ನು ಕಳಚಿ, ಹಿಡಿಕೆ ತಿರುಪುಗಳನ್ನು ಬಿಚ್ಚಿ, ತೂತು ಬಿರುಕುಗಳಿಗೆ ಪುಟ್ಟಿ ತುಂಬಿ, 180 ಅಥವಾ 220ನೇ ನಂಬರಿನ ಕಾಗದದಿಂದ ಉಜ್ಜಿ, ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ 320ರಿಂದ 400ನೇ ನಂಬರಿನ ಕಾಗದದಿಂದ ಮತ್ತೆ ಉಜ್ಜಲಾಗುತ್ತದೆ. ಗನ್ನನ್ನು ಹಲಗೆಯಿಂದ ಒಂದು ಗೇಣಿಗಿಂತ ತುಸು ಹತ್ತಿರ, ಎಂದರೆ 15ರಿಂದ 20 ಸೆಂಟಿಮೀಟರ್ ಅಂತರದಲ್ಲಿ ಹಿಡಿದು, ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಸಮವೇಗದಲ್ಲಿ ಚಲಿಸುತ್ತ, ಪ್ರತಿ ಪಟ್ಟಿಯೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಹೊಡೆಯಬೇಕು. ಕೈ ನಿಂತಲ್ಲಿ ಬಣ್ಣ ಸೋರಿ ಗೆರೆಗಟ್ಟುತ್ತದೆ. ಪ್ಲೈವುಡ್‌ನ ಎಳೆಗಳು ಬಣ್ಣದಡಿಯಿಂದಲೂ ಕಾಣಿಸುವುದರಿಂದ ನುಣುಪಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಮೇಲು. ಆದರೆ ಸಿಂಕಿನ ಕೆಳಗೆ ನೀರು ತಾಗಿದ ಎಂಡಿಎಫ್ ಅಂಚು ಉಬ್ಬಿ ಹಾಳಾಗುವುದರಿಂದ ಅಲ್ಲಿ ಪ್ಲೈವುಡ್ಡೇ ಸರಿ.

ಹವೆಯೂ ಈ ಕೆಲಸದ ಒಂದು ಸಾಮಗ್ರಿ, ಮತ್ತು ಮೊದಲು ಹೇಳಿದ ದಾವಣಗೆರೆಯ ನಾಲ್ಕು ತಾಲ್ಲೂಕುಗಳ ಹವೆ ಒಂದೇ ಅಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟಿತು. ಮಲೆನಾಡಿನ ಸೆರಗಿಗೆ ತಾಗಿದ ನ್ಯಾಮತಿ, ಚನ್ನಗಿರಿಗಳ ಮಳೆಗಾಲದಲ್ಲಿ ಗಾಳಿಯ ತೇವ ನೈಟ್ರೊಸೆಲ್ಯುಲೋಸ್ ಮೆರುಗನ್ನು ಬೆಳ್ಳಗೆ ಮಂಕಾಗಿಸುತ್ತದೆ, ಪಿಯು ಬಣ್ಣದಲ್ಲಿ ಸಣ್ಣ ಗುಳ್ಳೆ ಏಳಿಸುತ್ತದೆ. ಗನ್ನಿಗೆ ಒತ್ತಡದ ಗಾಳಿ ಒದಗಿಸುವ ಕಂಪ್ರೆಸರಿನ ತೊಟ್ಟಿಯಲ್ಲಿ ಸೇರುವ ನೀರನ್ನು ದಿನವೂ ಹೊರಬಿಡದಿದ್ದರೆ ಅದೇ ದೋಷ ಇಮ್ಮಡಿಸುತ್ತದೆ. ಬರದ ಸೀಮೆಯಾದ ಜಗಳೂರಿನಲ್ಲಿ ಸಮಸ್ಯೆ ತಿರುವುಮುರುವು. ಅಲ್ಲಿ ಬೇಸಿಗೆಯ ಬಿಸಿಗೆ ಹನಿಗಳು ಹಲಗೆಯ ಮೇಲೆ ಹರಡಿ ಸಮನಾಗುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯಂಥ ತರಿ ಉಳಿಯುತ್ತದೆ, ಬಯಲ ದೂಳು ಹಸಿ ಬಣ್ಣಕ್ಕೆ ಅಂಟುತ್ತದೆ. ನಿಧಾನವಾಗಿ ಆರುವ ಥಿನ್ನರ್, ನೀರು ಚಿಮುಕಿಸಿದ ನೆಲ, ಬೆಳಗಿನ ಹೊತ್ತು ಇದಕ್ಕೆ ಪರಿಹಾರ.

ಪಿಯು ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಅದು ಉಸಿರಿನೊಡನೆ ಒಳಹೋದರೆ ಆಸ್ತಮಾ ತರಬಲ್ಲದು; ಒಮ್ಮೆ ದೇಹ ಅದಕ್ಕೆ ಕೆರಳಿದರೆ ಮುಂದೆ ತೀರ ಅಲ್ಪ ಪ್ರಮಾಣವೂ ಉಬ್ಬಸ ಹುಟ್ಟಿಸುತ್ತದೆ. ಮನೆ ಕಟ್ಟಿಸುವವರು ಬಣ್ಣದ ಲೆಕ್ಕದೊಳಗೇ ಪೇಂಟರಿಗೆ ರಾಸಾಯನಿಕ ಆವಿಯನ್ನು ಸೋಸುವ ಮುಖಗವಸಿನ ಬೆಲೆಯನ್ನೂ ಸೇರಿಸಬೇಕು, ಕೆಲಸವನ್ನು ಮುಚ್ಚಿದ ಅಡುಗೆಮನೆಯ ಬದಲು ಗಾಳಿಯಾಡುವ ಕಡೆ ಮಾಡಿಸಬೇಕು. ಮೂಗಿಗೆ ಕಟ್ಟಿದ ಟವೆಲ್ ಐಸೊಸಯನೇಟನ್ನು ತಡೆಯುವುದಿಲ್ಲ.