ರೇಷ್ಮೆಹುಳುವಿನ ಕುಲಗೋತ್ರ

ರೇಷ್ಮೆಹುಳುವಿಗೂ ಕುಲದ ವ್ಯಾಜ್ಯ ತಪ್ಪಿದ್ದಲ್ಲ. ಸಾಕಿದ ಹುಳುವಿಗೆ 1758ರಲ್ಲಿ ಸ್ವೀಡನ್ನಿನ ಲಿನೇಯಸ್ 'ಮೋರಿ' ಎಂದು ಹೆಸರಿಟ್ಟನು. ಇದು ನಮ್ಮ ಬೀದಿಯ ಮೋರಿಯಲ್ಲ. ಲ್ಯಾಟಿನ್ನಿನಲ್ಲಿ 'ಹಿಪ್ಪುನೇರಳೆಯದು' ಎಂದರ್ಥ. 1872ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಮೂರ್ ಚೀನದ ಕಾಡುಪತಂಗವನ್ನು 'ಮ್ಯಾಂಡರಿನಾ' ಎಂದು ಕರೆದು, 'ಥಿಯೋಫಿಲಾ' ಎಂಬ ಬೇರೆ ಕುಲಕ್ಕೆ ಸೇರಿಸಿದನು. ಹೆಸರು ಬೇರಾದರೂ ನೆಂಟಸ್ತಿಕೆ ಕಡಿಯಲಿಲ್ಲ. ಎರಡೂ ಕೂಡಿದರೆ ಹುಟ್ಟುವ ಸಂತತಿಯೂ ಸಂತಾನವತಿಯೇ. ಈಗ ಎರಡನ್ನೂ 'ಬಾಂಬಿಕ್ಸ್' ಕುಲದಲ್ಲೇ ಎಣಿಸುತ್ತಾರೆ. ಸಾಕುಹುಳುವಿನಲ್ಲಿ 28 ಜೊತೆ ವರ್ಣತಂತುಗಳು. ಚೀನದ ಕಾಡುಹುಳುವಿನಲ್ಲೂ 28, ಜಪಾನಿನದರಲ್ಲಿ 27. ತವರು ಚೀನವೆಂಬುದಕ್ಕೆ ಇದೂ ಒಂದು ಸಾಕ್ಷಿ. ಕಾಡಿನ ನೆಂಟ ಇಂದಿಗೂ ಹಾರುತ್ತದೆ. ಸಾವಿರಾರು ವರ್ಷ ಮನುಷ್ಯನ ತಟ್ಟೆಯಲ್ಲಿ ಉಂಡದ್ದು ಮಾತ್ರ ರೆಕ್ಕೆಯಿದ್ದೂ ಹಾರಲಾರದು. ಪಟ್ಟೆಸೀರೆಯ ಬೆಲೆಯಲ್ಲಿ ಈ ಹಾರಾಟವನ್ನೂ ಸೇರಿಸಬೇಕೆಂದು ನನಗೆ ತೋರುತ್ತದೆ.